ಬಾಕ್ಸಿನೊಳಗಿನ ಕುಲ್ಸುಂಬೀ

ನನ್ನದು ಹಿಟ್ಟಿನ ಗಿರಣಿ. ಸಿರುಗುಪ್ಪದ ನಮ್ಮ ಓಣಿಯಲ್ಲಿ ಜ್ಯೋತಿಲಕ್ಷ್ಮಿಯ ಗಿರಣಿ ಎಲ್ಲಿ ಎಂದು ಯಾರನ್ನೂ ಕೇಳಬೇಕಿಲ್ಲ, ಸದ್ದು ಹಿಡಿದು ಬಂದರೆ ನನ್ನ ಬಾಗಿಲಿಗೇ ಬಂದು ನಿಲ್ಲುತ್ತೀರಿ. ಒಮ್ಮೆ ಯಾರೋ ಕೈಯಲ್ಲಿ ಸದ್ದು ಅಳೆಯುವ ಮೀಟರು ಹಿಡಿದುಕೊಂಡು ಬಂದು, ಇಷ್ಟು ಸದ್ದು ಕಿವಿಗೆ ಒಳ್ಳೆಯದಲ್ಲ ಎಂದರು. "ಜ್ವಾಳ ನಿಮ್ಮ ಮೀಟರಿನಾಗ ಬೀಸಿ ಕೊಡ್ತೀರೇನು?" ಎಂದು ಕೇಳಿ ಕಳಿಸಿದೆ. ಗಿರಣಿ ತಿರುಗುವಾಗ ಇಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹಿಟ್ಟು ಸಣ್ಣಗೆ ಬೇಕೋ ದಪ್ಪ ಬೇಕೋ, ಮಗಳು ಹೆರಿಗೆಗೆ ಬಂದಳೋ ಇಲ್ಲವೋ, ಎಲ್ಲವನ್ನೂ ತುಟಿ ನೋಡಿಯೇ ತಿಳಿದುಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ಗಿರಣಿಯ ಸದ್ದನ್ನು ಸೀಳಿಕೊಂಡು ನನ್ನ ಕಿವಿಗೆ ಮುಟ್ಟುತ್ತಿದ್ದ ದನಿ ಒಂದೇ. ಅದು ಪಕ್ಕದ ಮನೆಯ ಕುಲ್ಸುಂಬೀಯದು.

ಕುರುಗೋಡಿನ ಹೆಣ್ಣು. ಸಿರುಗುಪ್ಪದ ಕರೀಮಸಾಬ್‌ಗೆ ಕೊಟ್ಟರು. ಅವಳು ಬಾಗಿಲಲ್ಲಿ ನಿಂತು ಮಗಳು ತಬಸ್ಸುಮ್‌ಳನ್ನು ಕೂಗಿದರೆ ಓಣಿಯ ಎಲ್ಲ ಮಕ್ಕಳೂ ಆಟ ಬಿಟ್ಟು ತಂತಮ್ಮ ಮನೆಗೆ ಓಡುತ್ತಿದ್ದವು. ಸಿಟ್ಟು ಮೂಗಿನ ಮೇಲೆ, ಅದೇ ಹೊತ್ತಿಗೆ ಕೈಯಲ್ಲಿ ತಾಟು. ಬೈಯುತ್ತಲೇ ಬಡಿಸುವವಳು. ನನ್ನ ಗಂಡ ತೀರಿಕೊಂಡಾಗ ಹದಿನೈದು ದಿನ ನನ್ನನ್ನು ಬೈದು ಬೈದು ಉಣಿಸಿದವಳು ಅವಳೇ. ಸಮಾಧಾನದ ಮಾತು ಹೇಳಿದವರು ಯಾರ್‍ಯಾರೋ, ಒಬ್ಬರ ಮಾತೂ ನೆನಪಿಲ್ಲ. ಕುಲ್ಸುಮಕ್ಕನ ಬೈಗುಳ ಮಾತ್ರ ಇವತ್ತಿಗೂ ಒಂದೂ ಬಿಡದೆ ನೆನಪಿದೆ.

ಕರೀಮಸಾಬ್ ಇದಕ್ಕೆ ಉಲ್ಟಾ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಸ್ಪೀಕರ್ ರಿಪೇರಿ ಮಾಡುತ್ತಾನೆ. ತೆಕ್ಕಲಕೋಟೆ, ಬಾದನಹಟ್ಟಿಯ ಮೈಕ್‌ಸೆಟ್ಟಿನವರೆಲ್ಲ ಹರಿದ ಸ್ಪೀಕರುಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಅವನಲ್ಲಿಗೇ ಬರುತ್ತಾರೆ. ಕಾಗದದ ಬಟ್ಟಲಿನಂಥದ್ದು ಒಂದು ಇರುತ್ತದಲ್ಲ, ಅದರ ಹಿಂದೆ ತಂತಿಯ ಸುರುಳಿ. ಆ ಸುರುಳಿ ಸುತ್ತಲಿನ ಕಬ್ಬಿಣಕ್ಕೆ ತಾಗದೆ ಮೇಲೆ ಕೆಳಗೆ ಆಡಬೇಕು. ಕೂದಲೆಳೆಯಷ್ಟು ತಾಗಿದರೂ ದನಿ ಕರಕರ ಎನ್ನುತ್ತದೆ. ಇಷ್ಟನ್ನು ನನಗೆ ಹೇಳಿಕೊಟ್ಟವನು ಅವನೇ. ಇದಕ್ಕಿಂತ ಹೆಚ್ಚು ಮಾತನ್ನು ಅವನ ಬಾಯಿಂದ ನಾನು ಕೇಳಿಲ್ಲ.

ಮದುವೆಯಾದ ಹೊಸತು. ಸಂತೆಗೆ ಹೋಗಿ ಸೊಪ್ಪು ತನ್ನಿ ಎಂದು ಅಕ್ಕ ಚೀಲ ಕೊಟ್ಟು ಕಳಿಸಿದ್ದಾಳೆ. ಪುಣ್ಯಾತ್ಮ ಗುಜರಿಯವನ ಹತ್ತಿರ ಒಂದು ಹಳೇ ಸ್ಪೀಕರು ಕಂಡು ಅದನ್ನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದಾನೆ. ಬಂದವನು ಅಂಟು ಹಚ್ಚಿ ಸರಿಮಾಡಿ, "ಮೈಕಿನಾಗ ಏನಾರ ಮಾತಾಡು, ನೋಡಣ" ಎಂದು ಅವಳ ಮುಂದೆಯೇ ಹಿಡಿದಿದ್ದಾನೆ. ಒಲೆಯ ಮುಂದೆ ಕಾದ ಎಣ್ಣೆ ಇಟ್ಟುಕೊಂಡು ಸೊಪ್ಪಿಗೆ ಕಾಯುತ್ತಿದ್ದವಳು ಮಾತಾಡಿದಳು ನೋಡಿ.

"ಏನ್ರೀ, ಕಿವ್ಯಾಗ ಹತ್ತಿ ಇಟ್ಗಂಡು ಹೋಗಿದ್ರೇನು? ಸಂತಿಗೆ ಹೋಗಿ ಸೊಪ್ಪು ತರ್ರಿ ಅಂದ್ರ ಸ್ಪೀಕರ್ ತಂದೀರಿ. ಇದಕ್ಕ ಒಗ್ಗರಣಿ ಹಾಕ್ಲೇನು? ಹಾಕ್ತೀನಿ, ಕುಂದ್ರಿ, ಇದನ್ನ ಉಣ್ರಿ."

ಕರೀಮಸಾಬ್ ಸಿಟ್ಟಾಗಲಿಲ್ಲ. ಕಿವಿ ಸ್ಪೀಕರಿಗೆ ಹಚ್ಚಿ, "ಇನ್ನೊಮ್ಮೆ ಬೈಯಿ" ಎಂದ. ಅವತ್ತಿನಿಂದ ಅದೇ ಅವನ ಅಳತೆ. ಯಾವ ಸ್ಪೀಕರ್ ಸಿದ್ಧವಾದರೂ ಅಕ್ಕನನ್ನು ಕರೆಯುವುದು, ಅವಳು ಅದೇ ಬೈಗುಳವನ್ನು ಅದೇ ಏರಿಳಿತದಲ್ಲಿ ಬೈಯುವುದು, ಅವನು ಕಣ್ಣು ಮುಚ್ಚಿ ಕೇಳುವುದು. ಬೇರೆ ಬೈದರೆ ಅಳತೆ ಸಿಗುವುದಿಲ್ಲವಂತೆ. ಅದು ಸರಿಯಾದ ಅಳತೆಯೋ ಅಲ್ಲವೋ ನನಗೇನು ಗೊತ್ತು? ಅವನು ಪಾಸ್ ಮಾಡಿ ಕಳಿಸಿದ ಸ್ಪೀಕರುಗಳೂ ಎಷ್ಟೋ ಸಲ ವಾಪಸ್ ಬಂದಿವೆ. ಆದರೆ ಗಂಡ ಹೆಂಡತಿ ಇಬ್ಬರೂ ಅದನ್ನು ನಮಾಜಿನಷ್ಟೇ ನಿಷ್ಠೆಯಿಂದ ನಡೆಸಿಕೊಂಡು ಬಂದರು.

ಬಳ್ಳಾರಿಯ ಹುಲಿಗೇಶ್ ಬಂದದ್ದು ಆಮೇಲೆ. ಟೈಲ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ, ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ, ಅದೆಲ್ಲ ಸ್ಪೀಕರು ಆಂಪ್ಲಿಫೈಯರಿಗೇ ಹೋಗುತ್ತದೆ. ಅಂಥ ಹುಚ್ಚಿನವರೇ ಸೇರಿ ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದಾರೆ. ಬಳ್ಳಾರಿಯವರು, ರಾಯಚೂರಿನವರು, ಆದೋನಿಯ ತೆಲುಗಿನವರು, ಎಲ್ಲ ಕುಲಗೋತ್ರ ಮರೆತು ಯಾವ ತಂತಿಯಲ್ಲಿ ದನಿ ಸಿಹಿಯಾಗಿ ಬರುತ್ತದೆ ಎಂದು ಜಗಳಾಡುತ್ತಾರೆ. ತಂತಿಯಲ್ಲಿ ಸಿಹಿ ಎಲ್ಲಿಂದ ಬರಬೇಕು, ನೀವೇ ಹೇಳಿ. ಹುಲಿಗೇಶ್ ಮಾತ್ರ ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಅಕ್ಕನನ್ನು ಅಮ್ಮಾ ಎಂದೇ ಕರೆಯುತ್ತಿದ್ದ.

ಅಕ್ಕನ ಬೈಗುಳದ ಅಳತೆ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. ಅವಳನ್ನು ಒಪ್ಪಿಸಿ ಒಂದು ವಿಡಿಯೋ ಮಾಡಿದ. ಮೊದಲು ತಾನು ಕನ್ನಡಕ ಹಾಕಿಕೊಂಡು, ಸ್ಟ್ಯಾಂಡಿನ ಮೇಲೆ ದುಬಾರಿ ಮೈಕು ಇಟ್ಟು, ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಗೆರೆ ತೋರಿಸಿ, ದೊಡ್ಡ ವಿಜ್ಞಾನಿಯ ಹಾಗೆ ಗಂಟಲು ಸರಿಮಾಡಿಕೊಂಡು ಏನೇನೋ ಹೇಳುತ್ತಾನೆ. ಆಮೇಲೆ, "ಇದು ಫಾರಿನ್ ಮೀಟರ್. ಈಗ ನಮ್ಮ ಸಿರುಗುಪ್ಪ ಮೀಟರ್ ನೋಡ್ರಿ" ಎಂದು ಅಡುಗೆಮನೆಯ ಪರದೆ ಸರಿಸುತ್ತಾನೆ. ಸೌಟು ಹಿಡಿದ ಅಕ್ಕ ಹೊರಗೆ ಬಂದು ಒಂದೇ ಉಸಿರಿನಲ್ಲಿ ಬೈಯುತ್ತಾಳೆ. ಲ್ಯಾಪ್‌ಟಾಪಿನ ಗೆರೆ ಮೇಲಕ್ಕೆ ಹಾರಿ ಪರದೆಯಾಚೆ ಹೋಗುತ್ತದೆ. ಕರೀಮಸಾಬ್ ಕಣ್ಣು ಮುಚ್ಚಿಕೊಂಡೇ, "ಪಾಸ್" ಎನ್ನುತ್ತಾನೆ. ಅಷ್ಟೇ ವಿಡಿಯೋ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ, ಇಲ್ಲ ಎನ್ನುವುದಿಲ್ಲ.

ಗ್ರೂಪಿನವರ ಹಾವಳಿ ಕೇಳಬೇಡಿ. ನಗಬೇಕಾದ ಕಡೆ ನಕ್ಕು ಸುಮ್ಮನಾಗಿದ್ದರೆ ಆಗುತ್ತಿತ್ತು. ಇವರು ಅದನ್ನೇ ಹಿಡಿದು ಜಗ್ಗಾಡಿದರು. ಮೈಕು ಇಟ್ಟ ದೂರ ಸರಿಯಿಲ್ಲ ಎಂದ ಒಬ್ಬ. ಗೋಡೆಯ ಪ್ರತಿಧ್ವನಿ ಸೇರಿದೆ, ಅಳತೆ ನಂಬುವ ಹಾಗಿಲ್ಲ ಎಂದ ಇನ್ನೊಬ್ಬ. "ಒಗ್ಗರಣಿ" ಎಂಬಲ್ಲಿ ಕೆಳದನಿ ಚೆನ್ನಾಗಿದೆ, "ಸೊಪ್ಪು, ಸ್ಪೀಕರ್" ಎಂಬಲ್ಲಿ ಮೇಲಿನದು ಚೊಕ್ಕಟವಾಗಿದೆ, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಮಾತಿಲ್ಲ ಎಂದು ಆದೋನಿಯವನು ಬರೆದ. ರಾಯಚೂರಿನವನೊಬ್ಬ ತನ್ನ ಹೆಂಡತಿ ಇನ್ನೂ ಜೋರು ಎಂದು ಬರೆದು, ಮನೆಯಲ್ಲಿ ಸಿಕ್ಕಿಬಿದ್ದು, ಅಳಿಸಿದ. ಕೊನೆಗೆ ಎಲ್ಲರೂ ಆ ದನಿಯ ಒಳ್ಳೆಯ ಕಾಪಿ ಬೇಕು ಎಂದು ಹಟ ಹಿಡಿದು, ಹೊಸ ಸ್ಪೀಕರ್ ಕೊಂಡಾಗಲೆಲ್ಲ ಮೊದಲು ಅದನ್ನೇ ಹಾಕಿ ಕೇಳತೊಡಗಿದರು. ಕುಲ್ಸುಂ ಟೆಸ್ಟ್ ಎಂದು ಹೆಸರೂ ಇಟ್ಟರು. ರವಿವಾರ ಕಾರು ಮಾಡಿಕೊಂಡು ಬಂದು ಎದುರಿಗೇ ಬೈಸಿಕೊಂಡು ಚಹಾ ಕುಡಿದು ಹೋಗುತ್ತಿದ್ದರು. ಅಕ್ಕನಿಗೂ ಖುಷಿಯೇ. "ನೋಡು ಜೋತಿ, ಬೈಸ್ಕಳಾಕ ಬಳ್ಳಾರಿಯಿಂದ ಬರ್ತಾರ, ನಮ್ಮನಿಯವ್ರಿಗೆ ಕುಂತಲ್ಲೇ ಸಿಕ್ಕರೂ ಬೆಲಿ ಇಲ್ಲ" ಎನ್ನುತ್ತಿದ್ದಳು.

ಆ ವರ್ಷದ ಬೇಸಿಗೆಯಿಂದ ಕರೀಮಸಾಬ್‌ಗೆ ಕೆಟ್ಟ ಸ್ಪೀಕರುಗಳೇ ಬರತೊಡಗಿದವು. ಹೊಸ ಸುರುಳಿ, ಹೊಸ ಕಾಗದ ಹಾಕಿದ್ದರೂ ಅಕ್ಕ ಮಾತಾಡಿದರೆ ಕರಕರ. ಬಿಚ್ಚುತ್ತಿದ್ದ, ಮತ್ತೆ ಅಂಟಿಸುತ್ತಿದ್ದ, ಮತ್ತೆ ಅವಳನ್ನು ಕರೆಯುತ್ತಿದ್ದ. ಮತ್ತೆ ಕರಕರ. ಅಂಟು ಕೊಟ್ಟವನ ಮೇಲೆ ಸಿಟ್ಟಾದ. ಸುರುಳಿ ತರುವ ಅಂಗಡಿ ಬದಲಿಸಿದ. ಗ್ರೂಪಿನವರಿಗೆ ಇದು ಇನ್ನೊಂದು ಹಬ್ಬ. ಕರೆಂಟಿನ ದೋಷ ಎಂದರು, ಮೈಕು ಹಳೆಯದಾಯಿತು ಎಂದು ಹೊಸದು ತಂದುಕೊಟ್ಟರು, ಬೇಸಿಗೆಯ ಧೂಳು ಎಂದರು. ನಾನೂ ಒಮ್ಮೆ ಕೇಳಿದೆ, "ಅಣ್ಣಾ, ಅಕ್ಕನ ಗಂಟಲಾ ಯಾಕೋ ಕಟ್ಟಿದಂಗ ಐತಲ್ಲ?"

"ಮೆಣಸಿನಕಾಯಿ ಹುರದಾಳ, ಅದಕ್ಕ. ಅಕಿ ದನಿ ಹೆಂಗ ಕೆಡತೈತಿ? ಸ್ಪೀಕರಿನ ಕಾಯಿಲ್ ಸುರುಳಿ ಕಬ್ಬಿಣಕ್ಕ ಉಜ್ಜತೈತಿ" ಎಂದ.

ಅವನ ಲೆಕ್ಕದಲ್ಲಿ ಕೆಡುವ ವಸ್ತು ಸ್ಪೀಕರ್ ಒಂದೇ. ಅಳತೆಗೋಲೇ ಕೆಡುತ್ತದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಅಕ್ಕನಿಗೂ ಹೊಳೆಯಲಿಲ್ಲ. ಎಲೆಯಡಿಕೆ, ಕಡ್ಡಿಪುಡಿ ಬಾಯಲ್ಲಿಟ್ಟುಕೊಂಡು, "ಈ ಸ್ಪೀಕರೂ ಹಾಳಾತೇನ್ರಿ?" ಎಂದು ಅವಳೂ ಮರುಗುತ್ತಿದ್ದಳು. ಬೇಸಿಗೆ ಹೋಗಿ ಮಳೆಗಾಲ ಬಂತು, ಗದ್ದೆ ನಾಟಿ ಮುಗಿಯಿತು. ಅಲ್ಲಿಯವರೆಗೆ ಅವನು ಬಿಚ್ಚಿ ಅಂಟಿಸುತ್ತಲೇ ಇದ್ದ.

ಒಂದು ರವಿವಾರ ಹುಲಿಗೇಶ್ ಮತ್ತು ಇನ್ನಿಬ್ಬರು ಬಂದಿದ್ದರು. ನಾನು ಅಕ್ಕನಿಗೆ ಹಿಟ್ಟು ಕೊಡಲು ಹೋಗಿದ್ದೆ. ಬಿಸಾಡಲೆಂದು ಮೂಲೆಗೆ ಇಟ್ಟಿದ್ದ ಸ್ಪೀಕರೊಂದನ್ನು ಹುಲಿಗೇಶ್ ತೆಗೆದು, "ಇದರಾಗ ನಮ್ಮ ಹಳೇ ವಿಡಿಯೋದ ದನಿ ಹಾಕಿ ನೋಡಣ, ಎಷ್ಟು ಕೆಟ್ಟೈತಿ ಗೊತ್ತಾಗ್ತೈತಿ" ಎಂದು ಫೋನು ಜೋಡಿಸಿದ.

ಅಕ್ಕನ ದನಿ ಬಂತು. ಗಂಟೆ ಹೊಡೆದ ಹಾಗೆ, ಒಂದು ಬಿರುಕಿಲ್ಲದೆ ಬಂತು. ಸೊಪ್ಪು ತರ್ರಿ ಅಂದ್ರ ಸ್ಪೀಕರ್ ತಂದೀರಿ. ಇದಕ್ಕ ಒಗ್ಗರಣಿ ಹಾಕ್ಲೇನು?

ಯಾರೂ ನಗಲಿಲ್ಲ. ಹುಲಿಗೇಶ್ ಇನ್ನೊಂದು ಕೆಟ್ಟ ಸ್ಪೀಕರಿಗೆ ಹಚ್ಚಿದ. ಅದರಲ್ಲೂ ಹಾಗೆಯೇ. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಅಕ್ಕನ ಕಡೆ ತಿರುಗಿದರು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, "ಯಾಕ, ಏನಾತು?" ಎಂದಳು. ಆ ಮಾತು ಕರಕರ ಎಂದಿತು. ಕರೀಮಸಾಬ್ ಕೈಯಲ್ಲಿದ್ದ ಅಂಟಿನ ಕಡ್ಡಿ ಕೆಳಗಿಟ್ಟ. ಅವನ ಮುಖವನ್ನು ನಾನು ನೋಡಲಾರದೆ ಹೋದೆ.

ಬಳ್ಳಾರಿಗೆ ಕರೆದುಕೊಂಡು ಹೋದರು. ಮಗಳು ತಬಸ್ಸುಮ್ ಅಲ್ಲಿಗೇ ಕೊಟ್ಟ ಹೆಣ್ಣು, ಅವಳ ಮನೆಯಲ್ಲಿ ಉಳಿದರು. ಗಂಟಲಲ್ಲಿ ಗಡ್ಡೆ. ಮೊದಲೇ ಬಂದಿದ್ದರೆ ದನಿ ಉಳಿಸಬಹುದಿತ್ತೇನೋ, ಈಗ ಜೀವ ಉಳಿಸುವುದನ್ನು ನೋಡೋಣ ಎಂದರಂತೆ ಡಾಕ್ಟರು. ದನಿಪೆಟ್ಟಿಗೆಯನ್ನೇ ತೆಗೆದರು. ಅಕ್ಕ ವಾಪಸ್ ಬಂದಾಗ ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ತುಟಿ ಆಡುತ್ತದೆ, ದನಿ ಇಲ್ಲ. ಓಣಿಯವರು ಬಂದು ಅವಳ ಮುಂದೆ ಜೋರು ಜೋರಾಗಿ ಮಾತಾಡಿದರು, ಅವಳಿಗೆ ಕಿವಿಯೂ ಹೋಗಿದೆಯೇನೋ ಎಂಬ ಹಾಗೆ.

ದಿನಾ ಮಧ್ಯಾಹ್ನ ನನ್ನ ಗಿರಣಿಗೆ ಬರತೊಡಗಿದಳು. ಬೀಸಲು ಏನೂ ಇಲ್ಲದಿದ್ದರೂ ಬರುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಗಿರಣಿ ತಿರುಗುವಾಗ ಎಲ್ಲರೂ ಮೂಗರೇ. ಅಲ್ಲಿ ಅವಳು ಎಲ್ಲರ ಹಾಗೆ ತುಟಿಯಲ್ಲಿ ಮಾತಾಡುತ್ತಿದ್ದಳು, ನಾನು ಎಲ್ಲರದನ್ನು ಓದಿದ ಹಾಗೆ ಅವಳದನ್ನೂ ಓದುತ್ತಿದ್ದೆ. ಬೈಯುತ್ತಲೂ ಇದ್ದಳು. ಹಿಟ್ಟು ಮೈಮೇಲೆಲ್ಲ ಹಾರಿಸಿಕೊಂಡಿದ್ದೀಯಲ್ಲ, ನೀನೇನು ರೊಟ್ಟಿಯಾ ಎಂದು.

ಒಂದು ದಿನ ಬಂದವಳ ಕಣ್ಣು ಕೆಂಪಾಗಿದ್ದವು. ಓಣಿಯಲ್ಲಿ ಆಟೋವೊಂದು ಅವಳ ದನಿ ಹಾಕಿಕೊಂಡು ಹೋಯಿತಂತೆ. ಡಿಜೆಯವರು ಆ ವಿಡಿಯೋದಿಂದ ದನಿಯನ್ನಷ್ಟೇ ಕಿತ್ತು, ಹಿಂದೆ ಢಂ ಢಂ ಎಂದು ತಾಳ ಸೇರಿಸಿ ಕುಣಿಯುವ ಹಾಡು ಮಾಡಿದ್ದರು. ಒಗ್ಗರಣಿ ಹಾಕ್ಲೇನು, ಢಂ. ಒಗ್ಗರಣಿ ಹಾಕ್ಲೇನು, ಢಂ. ಡಿಜೆಯ ಸ್ಪೀಕರ್ ಬಾಕ್ಸು ಪರೀಕ್ಷೆ ಮಾಡಲು ಎಲ್ಲ ಕಡೆ ಅದೇ. ರೂಪನಗುಡಿಯಿಂದ ಹಿಡಿದು ಇಲ್ಲಿಯವರೆಗೆ ಯಾವ ಮೆರವಣಿಗೆಯಾದರೂ ಮೊದಲು ಅಕ್ಕ ಬೈಯಬೇಕು, ಆಮೇಲೆ ಉಳಿದದ್ದು.

ಅವಳು ನನ್ನ ಎದುರಿಗೆ ನಿಂತು ತುಟಿ ಆಡಿಸಿದಳು. "ಅದನ್ನ ಬಂದ್ ಮಾಡಸಾಕ ಆಗ್ತೈತೇನು, ಜೋತಿ? ನಾ ಇನ್ನೂ ಸತ್ತಿಲ್ಲ. ನಾ ಮನ್ಯಾಗ ಅದೀನಿ, ನನ್ನ ದನಿ ಒಂದ ಬೀದ್ಯಾಗ ಕುಣಿಯಾಕ ಹತ್ತೈತಿ. ನನಗ ಬ್ಯಾಡ ಅದು."

ಅಷ್ಟು ಮಾಡಿಸಿಕೊಡಬೇಕು ಎಂದು ನನಗೆ ಹಟವೇ ಬಂತು. ಹುಲಿಗೇಶನಿಗೆ ನಾನೇ ಫೋನ್ ಮಾಡಿದೆ. ಅವತ್ತೇ ಓಡಿಬಂದ. ಅಕ್ಕನ ಕಾಲ ಬಳಿ ಕೂತು ಗಂಡಸು ಗೊಳೋ ಎಂದು ಅತ್ತ. ನಮ್ಮ ಎದುರಿಗೇ ವಿಡಿಯೋ ಅಳಿಸಿದ. "ನಂದು ತೆಗದೆ, ಅಮ್ಮಾ. ಬ್ಯಾರೆಯವರ ಫೋನಿನಾಗ ಹೊಕ್ಕಂಡಿದ್ದು ನನ್ನ ಕೈಯಾಗ ಇಲ್ಲ. ನೂರು ಮಂದಿಗೆ ಹೇಳಿದರ ಸಾವಿರ ಮಂದಿ ಹತ್ರ ಐತಿ" ಎಂದ. ಗ್ರೂಪಿನಲ್ಲಿ ಎಲ್ಲ ಬರೆದು ತಿಳಿಸಿದ. ಎಲ್ಲರೂ ಕೈ ಮುಗಿದ ಗುರುತು ಹಾಕಿದರು, ಅಳುವ ಮುಖ ಹಾಕಿದರು. ಅದರ ಕೆಳಗೇ ಒಬ್ಬ, ಮೂಲ ವಿಡಿಯೋ ಹೋಯಿತಲ್ಲ, ಒಳ್ಳೆಯ ಕ್ವಾಲಿಟಿಯ ಕಾಪಿ ಯಾರ ಹತ್ತಿರವಾದರೂ ಉಳಿದಿದೆಯಾ ಎಂದು ಕೇಳಿದ್ದ. ಅವನ ಬಾಯಿಗೆ ಮಣ್ಣು ಹಾಕ. ಆದೋನಿಯವನು ಕಳಿಸಿಯೂ ಕೊಟ್ಟನಂತೆ.

ನಾನು ಬಿಡಲಿಲ್ಲ. ನಮ್ಮೂರ ಡಿಜೆಯವರ ಮನೆಮನೆಗೆ ಹೋಗಿ ಜಗಳ ತೆಗೆದೆ. ಪಾಪ, ಅವರು ಒಪ್ಪಿದರು. ಸಿರುಗುಪ್ಪದಲ್ಲಿ ನಿಂತಿತು. ಆದರೆ ಊರಾಚೆಗೆ ನನ್ನ ಜಗಳ ಎಷ್ಟು ದೂರ ಕೇಳಿಸಬೇಕು? ನನ್ನದೇನು ಕುಲ್ಸುಮಕ್ಕನ ದನಿಯಾ?

ಅಕ್ಕನ ಅಣ್ಣನ ಮಗಳು ಅಸ್ಮಾಳ ಮದುವೆ ಕುರುಗೋಡಿನಲ್ಲಿ. ಅಕ್ಕ ಬರುವುದಿಲ್ಲ ಎಂದಳು. ತವರಿನ ಮದುವೆ, ಬಿಡಬಾರದು ಎಂದು ನಾನೇ ಗಿರಣಿಗೆ ಬೀಗ ಹಾಕಿ ಜೊತೆಗೆ ಹೊರಟೆ. ಹೊಸ ಸೀರೆ ಉಟ್ಟು, ಕುತ್ತಿಗೆಯ ಬಟ್ಟೆಗೆ ಸೀರೆಯ ಬಣ್ಣದ್ದನ್ನೇ ಹುಡುಕಿ ಹೊಲಿದುಕೊಂಡಳು. ತವರಿನವರನ್ನೆಲ್ಲ ನೋಡಿ ಅವಳ ಮುಖ ಎಷ್ಟೋ ದಿನದ ಮೇಲೆ ಅರಳಿತು. ಮಧ್ಯಾಹ್ನದ ಹೊತ್ತಿಗೆ ತೆಕ್ಕಲಕೋಟೆಯ ಗಂಡಿನವರು ಬಂದರು. ಅವರ ಹಿಂದೆ ಡಿಜೆ ಗಾಡಿ, ಗೋಡೆಯಷ್ಟು ಎತ್ತರದ ಬಾಕ್ಸುಗಳು. ಗಾಡಿ ನಿಂತಿತು. ಡಿಜೆಯವನು ಬಾಕ್ಸು ಪರೀಕ್ಷೆ ಮಾಡಲು ಒತ್ತಿದ.

ಏನ್ರೀ, ಕಿವ್ಯಾಗ ಹತ್ತಿ ಇಟ್ಗಂಡು ಹೋಗಿದ್ರೇನು?

ಗಂಡಿನವರ ಕಡೆಯ ಹುಡುಗರು ಕೇಕೆ ಹಾಕಿದರು. ನಾನು ಕೈ ಹಿಡಿಯುವಷ್ಟರಲ್ಲಿ ಅಕ್ಕ ಎದ್ದು ಹೋಗಿದ್ದಳು. ನೇರ ಗಾಡಿಯ ಮುಂದೆ ನಿಂತು, ಕೈ ಎತ್ತಿ, ಬಾಯಿ ತೆರೆದಳು. ಅವಳು ಹೇಳಿದ್ದನ್ನು ನಾನು ಓದಿದೆ. "ಬಂದ್ ಮಾಡ್ರಿ. ಅದು ನಂದೈತಿ. ನನ್ನ ಕೇಳಲಾರದ ಯಾಕ ಹಾಕೀರಿ? ಬಂದ್ ಮಾಡ್ರಿ ಅದನ್ನ." ಅಷ್ಟೂ ಹೊತ್ತು ಮೇಲಿನಿಂದ ಬಾಕ್ಸಿನಲ್ಲಿ ಅವಳದೇ ದನಿ, ಅವಳದೇ ಸಿಟ್ಟು, ಸಂತೆ, ಸೊಪ್ಪು, ಒಗ್ಗರಣಿ. ಕೈ ಬೀಸುವುದೂ ಅದೇ, ಹುಬ್ಬು ಗಂಟಿಕ್ಕುವುದೂ ಅದೇ.

ಹುಡುಗರು ಸುತ್ತ ನಿಂತು ಫೋನು ಎತ್ತಿದರು. ಹಾಡಿಗೆ ತಕ್ಕ ಹಾಗೆ ಬಾಯಿ ಆಡಿಸಿ ವಿಡಿಯೋ ಮಾಡುವುದು ಈಗ ಎಲ್ಲರ ಚಟವಲ್ಲವೇ, ಅಜ್ಜಿ ಅದನ್ನೇ ಮಾಡುತ್ತಿದ್ದಾಳೆ ಎಂದುಕೊಂಡರು. "ಅಜ್ಜಿ ಸೂಪರ್, ಇನ್ನೊಮ್ಮೆ, ಇನ್ನೊಮ್ಮೆ" ಎಂದರು. ಡಿಜೆಯವನು ಉಮೇದಿಗೆ ಬಿದ್ದು ದನಿ ಏರಿಸಿ ಮತ್ತೆ ಮೊದಲಿನಿಂದ ಹಾಕಿದ. ಅಕ್ಕನೂ ಮತ್ತೆ ಮೊದಲಿನಿಂದ ಹೇಳಿದಳು. ನಾನು ನೂಕಿಕೊಂಡು ಒಳಗೆ ಹೋಗಿ ಕಿರುಚಿದೆ. ಆ ಢಂ ಢಂನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.

ಕರೀಮಸಾಬ್ ಅಲ್ಲೇ ಇದ್ದ. ಯಾವ ವೈರು ಎಳೆದರೆ ನಿಲ್ಲುತ್ತದೆ ಎಂದು ಅವನಿಗೆ ಗೊತ್ತು. ಓಡಿಬಂದು ಬಾಕ್ಸಿನ ಹಿಂದೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ. ಕಣ್ಣು ಮುಚ್ಚಿದ್ದ. ಅಂಗೈಯನ್ನು ಬಾಕ್ಸಿಗೆ ಒತ್ತಿ ಹಿಡಿದಿದ್ದ, ಕೆನ್ನೆ ಒದ್ದೆಯಾಗಿತ್ತು. ಹಾಡು ಮುಗಿಯುವವರೆಗೂ ಅವನು ವೈರು ಎಳೆಯಲಿಲ್ಲ. ಅವನನ್ನು ಬೈಯಬೇಕೋ ಅವನ ಜೊತೆ ಅಳಬೇಕೋ ನನಗೆ ತಿಳಿಯಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ, "ಭಾಳ ದಿನಕ್ಕ ಕೇಳಿದೆ ನೋಡವ್ವ" ಎಂದ, ಅಷ್ಟೇ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಮರುದಿನಕ್ಕೆ ಆ ಹೊಸ ವಿಡಿಯೋ ಎಲ್ಲರ ಫೋನಿನಲ್ಲಿತ್ತು. ಮಧ್ಯಾಹ್ನ ಅಕ್ಕ ಜೋಳದ ಡಬ್ಬಿ ಹಿಡಿದುಕೊಂಡು ಗಿರಣಿಗೆ ಬಂದಳು. "ಏನ್ ಬರದಾರ, ಓದು" ಎಂದು ತುಟಿ ಆಡಿಸಿದಳು. ನಾನು ಮುಖ ತಿರುಗಿಸಿ ಜೋಳ ಸುರಿಯತೊಡಗಿದೆ. ಮೊಣಕೈ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮತ್ತೆ ಕೇಳಿದಳು. ಓದಿದೆ. ಅಜ್ಜಿಯ ಆಕ್ಟಿಂಗ್ ಸೂಪರ್ ಎಂದಿದ್ದರು ಬಹಳ ಮಂದಿ. ಗ್ರೂಪಿನವನೇ ಇರಬೇಕು, ಒಬ್ಬ ಅಳೆದು ತೂಗಿ ಬರೆದಿದ್ದ. ಬಾಕ್ಸಿನ ಕ್ವಾಲಿಟಿ ಚೆನ್ನಾಗಿದೆ, ಆದರೆ ದನಿಗೂ ತುಟಿಗೂ ಹೊಂದಿಕೆಯಾಗಿಲ್ಲ, ಅಜ್ಜಿ ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡಬೇಕು.

ಅಕ್ಕ ಬೆರಳಿನಿಂದ ಫೋನು ತೋರಿಸಿದಳು. ಆಮೇಲೆ, "ಆ ದನಿ ನಂದ ಅಂತ ಬರಿ" ಎಂದಳು.

ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಬರೆದೆ. ಈ ವಿಡಿಯೋದಲ್ಲಿರುವ ದನಿ ಇವರದೇ, ದಯವಿಟ್ಟು ನಿಲ್ಲಿಸಿ ಎಂದು. ಗಿರಣಿಯಲ್ಲಿ ಒಂದು ಸೇರು ಬೀಸುವಷ್ಟರಲ್ಲಿ ಉತ್ತರ ಬಂತು. "ಹೌದ್ರಿ ಅಕ್ಕಾರ, ಎಲ್ಲಾರ ಮನ್ಯಾಗೂ ಅದ ದನಿ ಐತಿ." ಅದರ ಕೆಳಗೆ ಇನ್ನೊಬ್ಬ, ನಮ್ಮ ಮನೆಯಲ್ಲೂ ನಿಲ್ಲಿಸಲು ಆಗುತ್ತಿಲ್ಲ ಎಂದು. ಅದರ ಕೆಳಗೆ ನಗುವ ಮುಖಗಳು, ಸಾಲಿಗೆ ಸಾಲು.

ಅಕ್ಕ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದಳು. ಅಕ್ಷರ ಅವಳಿಗೆ ಅಷ್ಟಕ್ಕಷ್ಟೇ. ನಗುವ ಮುಖಗಳಿಗೆ ಅಕ್ಷರ ಬೇಕಾಗಲಿಲ್ಲ. ಬೆರಳಿನಿಂದ ಸರಿಸುತ್ತ ಕೆಳಗಿನವರೆಗೂ ನೋಡಿ, ಫೋನು ವಾಪಸ್ ಕೊಟ್ಟು, ಹಿಟ್ಟಿನ ಡಬ್ಬಿ ಎತ್ತಿಕೊಂಡು ಮನೆಗೆ ಹೋದಳು.